ಓದುಗರು ಕೇಳಿದ್ದಾರೆ: ಕ್ಲಿನಿಕ್ ಬೇಡ, ವಾರ್ಡೇ ಬೇಕು ಎನ್ನುವ ಮಗ

ಪ್ರಶ್ನೆ: ನನ್ನ ಮಗ ಮಂಗಳೂರಿನಲ್ಲಿ ಮಕ್ಕಳ ವಿಭಾಗದ ಎಂ.ಡಿ. ಕೊನೆಯ ವರ್ಷದಲ್ಲಿದ್ದಾನೆ. ಕಾರ್ಕಳದಲ್ಲಿ ಬಸ್ ನಿಲ್ದಾಣದ ಹತ್ತಿರ ಕ್ಲಿನಿಕ್‌ಗೆಂದು ಕೋಣೆ ನೋಡಿಟ್ಟಿದ್ದೇನೆ. ಅವನೋ, ಆಸ್ಪತ್ರೆಗೆ ಸೇರಿದ ಮಕ್ಕಳನ್ನಷ್ಟೇ ನೋಡಿಕೊಳ್ಳುತ್ತೇನೆ, ಅಮೆರಿಕದಲ್ಲಿ ಅದಕ್ಕೆಂದೇ ಬೇರೆ ತರಬೇತಿ ಇದೆ ಎನ್ನುತ್ತಾನೆ. ಮಕ್ಕಳ ಡಾಕ್ಟರಿಗೆ ಇದನ್ನೂ ಪ್ರತ್ಯೇಕವಾಗಿ ಕಲಿಸಬೇಕೇ?
– ಒಬ್ಬ ತಂದೆ, ಕಾರ್ಕಳ

ಉತ್ತರ: ಕೋಣೆಗೆ ಮುಂಗಡ ಕೊಟ್ಟಿಲ್ಲ ತಾನೇ ರಾಯರೇ? ಹಾಗಾದರೆ ಸ್ವಲ್ಪ ತಡೆಯಿರಿ.

ಕ್ಲಿನಿಕ್‌ಗೆ ಬಂದ ಮಗುವಿಗೆ ಔಷಧಿ ಬರೆದು, ಮೂರು ದಿನ ಬಿಟ್ಟು ಕರೆದುಕೊಂಡು ಬನ್ನಿ ಎನ್ನುತ್ತೇವೆ. ವಾರ್ಡಿನಲ್ಲಿರುವ ಮಗುವಿಗೆ ಮೂರು ಗಂಟೆಯೂ ದೀರ್ಘ ಕಾಲವೇ. ನಮ್ಮ ಕರಾವಳಿಯ ಮಳೆಗಾಲದ ಡೆಂಗಿಯನ್ನೇ ನೋಡಿ. ನಾಲ್ಕೈದು ದಿನ ಸುಟ್ಟ ಜ್ವರ ಇಳಿಯುತ್ತದೆ, ಮನೆಯವರು ಚೀಲ ಕಟ್ಟಿಕೊಂಡು ‘ಜ್ವರ ಬಿಟ್ಟಿತಲ್ಲ ಡಾಕ್ಟರೇ, ಡಿಸ್ಚಾರ್ಜ್ ಮಾಡಿ’ ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕೆಲವು ಮಕ್ಕಳಿಗೆ ಅಪಾಯ ಶುರುವಾಗುವುದೇ ಆಗ. ಮುಂದಿನ 24ರಿಂದ 48 ಗಂಟೆಗಳಲ್ಲಿ ರಕ್ತದ ದ್ರವಾಂಶ ನಾಳಗಳಿಂದ ಹೊರಗೆ ಸೋರುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಇವನ್ನು ಹಾಸಿಗೆಯ ಪಕ್ಕದಲ್ಲಿ ನಿಂತವರು ಮಾತ್ರ ಸಮಯಕ್ಕೆ ಹಿಡಿಯಬಲ್ಲರು. ಡ್ರಿಪ್ ಕಡಿಮೆಯಾದರೆ ಮಗು ಕುಸಿಯುತ್ತದೆ. ಹೆಚ್ಚಾದರೆ ಅದೇ ನೀರು ಶ್ವಾಸಕೋಶದ ಸುತ್ತ ತುಂಬಿ ಉಸಿರು ಕಟ್ಟಿಸುತ್ತದೆ.

ಡ್ರಿಪ್ ಎಂದರೆ ಬಾಟಲಿ ನೇತುಹಾಕುವುದಲ್ಲ. ಮಕ್ಕಳಿಗೆ ದಿನಕ್ಕೆಷ್ಟು ದ್ರವ ಎಂಬ ಲೆಕ್ಕ 1957ರಿಂದ ಬಳಕೆಯಲ್ಲಿದೆ: ಮೊದಲ 10 ಕಿಲೋ ತೂಕಕ್ಕೆ ಕಿಲೋಗೆ 100 ಮಿಲಿ, ಮುಂದಿನ 10ಕ್ಕೆ 50, ಅದರಾಚೆ 20. ಹನ್ನೆರಡು ಕಿಲೋ ಮಗುವಿಗೆ 1,100 ಮಿಲಿ, ಅಂದರೆ ಗಂಟೆಗೆ ಸುಮಾರು 46. ಮಕ್ಕಳ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ ಒಂದು ಮಿಲಿ, ಹಾಗಾಗಿ ನಿಮಿಷಕ್ಕೆ 46 ಹನಿ. ಇಷ್ಟನ್ನು ಯಾವ ವಿದ್ಯಾರ್ಥಿಯೂ ಒಪ್ಪಿಸುತ್ತಾನೆ. ಈ ಮಗುವಿಗೆ, ಈ ರಾತ್ರಿ, ಆ ಲೆಕ್ಕವನ್ನು ಎಷ್ಟು ಇಳಿಸಬೇಕು, ಯಾವಾಗ ಏರಿಸಬೇಕು ಎನ್ನುವುದನ್ನು ವಾರ್ಡೇ ಕಲಿಸಬೇಕು. ತೂಕವನ್ನೇ ಅಂದಾಜಿನಲ್ಲಿ ಬರೆಯುವ ಕಿರಿಯರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಂಗಿ ಬಿಚ್ಚಿಸಿ ತಕ್ಕಡಿಯ ಮೇಲೆ ಮಲಗಿಸಲು ಎಷ್ಟು ಹೊತ್ತು ಬೇಕು?

ಅಮೆರಿಕದ ಮಾತು ನಿಜ. ಆಸ್ಪತ್ರೆಯ ಒಳರೋಗಿಗಳನ್ನೇ ನೋಡಿಕೊಳ್ಳುವ ವೈದ್ಯರಿಗೆ ‘ಹಾಸ್ಪಿಟಲಿಸ್ಟ್’ ಎಂಬ ಹೆಸರು ಅಲ್ಲಿ 1996ರಲ್ಲಿ ಬಂತು. ಮಕ್ಕಳ ವಿಭಾಗದಲ್ಲಿ ಅದಕ್ಕೆ ಉಪವಿಶೇಷತೆಯ ಮಾನ್ಯತೆ ಸಿಕ್ಕಿದ್ದು 2016ರಲ್ಲಿ, ಮೊದಲ ಪರೀಕ್ಷೆ ನಡೆದದ್ದು 2019ರಲ್ಲಿ. ಮಕ್ಕಳ ವಿಭಾಗದ ಮೂರು ವರ್ಷದ ತರಬೇತಿಯ ಮೇಲೆ ಇನ್ನೆರಡು ವರ್ಷ. ಅಷ್ಟು ದಿನ ಕಡಿಮೆ ಸಂಬಳದಲ್ಲಿ ದುಡಿಯಬೇಕೇ, ಕೆಲಸ ಮಾಡುತ್ತಲೇ ಕಲಿಯಬಾರದೇ ಎಂಬ ಜಗಳ ಅಲ್ಲಿಯೂ ಮುಗಿದಿಲ್ಲ. ನಾನು ಎರಡನೆಯವರ ಕಡೆ ಸ್ವಲ್ಪ ವಾಲುತ್ತೇನೆ, ಕಲಿಸುವ ಹಿರಿಯರು ಪಕ್ಕದಲ್ಲಿದ್ದರೆ ಮಾತ್ರ.

ನಮ್ಮಲ್ಲಿ ಆ ಹೆಸರಿನ ಡಿ.ಎಂ. (ಎಂ.ಡಿ. ನಂತರದ ಉಪವಿಶೇಷತೆಯ ಪದವಿ) ಇಲ್ಲ. ನವಜಾತ ಶಿಶುಗಳಿಗೆ, ಮಕ್ಕಳ ತೀವ್ರ ನಿಗಾಕ್ಕೆ ಮೂರು ವರ್ಷದ ಡಿ.ಎಂ. ಇದೆ. ಎರಡರ ನಡುವಿನ ಸಾಮಾನ್ಯ ವಾರ್ಡಿನಲ್ಲಿ ನ್ಯುಮೋನಿಯಾ, ಫಿಟ್ಸ್, ವಾಂತಿಭೇದಿಯ ಮಕ್ಕಳೇ ತುಂಬಿರುತ್ತಾರೆ. ಅದು ಯಾರ ವಿಶೇಷತೆಯೂ ಅಲ್ಲ. ನಿಮ್ಮ ಮಗನ ಕಣ್ಣು ಬಿದ್ದಿರುವುದು ಅಲ್ಲಿಗೆ. ಎಂ.ಡಿ. ಮುಗಿದ ಮೇಲೆ ಒಂದೆರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ಆಗಿರಲಿ. 1848ರಿಂದ ನಡೆಯುತ್ತಿರುವ ಮಂಗಳೂರಿನ ವೆನ್‌ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುವಷ್ಟನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಸಂಪಾದನೆ ಕ್ಲಿನಿಕ್‌ನಷ್ಟು ಆಗದು, ರಾತ್ರಿ ಪಾಳಿ ತಪ್ಪದು. ಅದನ್ನು ಅವನ ಮುಂದೆ ಬಿಚ್ಚಿಟ್ಟು ಮಾತಾಡಿ. ಕೋಣೆಯನ್ನು ಸದ್ಯಕ್ಕೆ ಬೇರೆಯವರಿಗೆ ಬಾಡಿಗೆಗೆ ಬಿಡಲಿ ಬಿಡಿ.

ಪ್ರಶ್ನೆ: ಮಗು ಆಸ್ಪತ್ರೆಯಲ್ಲಿದ್ದಾಗ ಪಾಳಿ ಬದಲಾದಂತೆಲ್ಲ ಹೊಸ ಡಾಕ್ಟರು ಬಂದು ಮೊದಲಿನಿಂದ ಅದನ್ನೇ ಕೇಳುತ್ತಿದ್ದರು. ಇವರೊಳಗೆ ಮಾತೇ ಇಲ್ಲವೇ?
– ಒಬ್ಬ ತಾಯಿ, ಮಲ್ಪೆ

ಉತ್ತರ: ಇರಬೇಕು, ಬಹಳ ಕಡೆ ಸಾಲದು. ಪಾಳಿ ಒಪ್ಪಿಸುವುದೂ ಕಲಿಸಬೇಕಾದ ವಿದ್ಯೆ. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಕಿರಿಯ ವೈದ್ಯರಿಗೆ ಇದನ್ನೇ ಕ್ರಮಬದ್ಧವಾಗಿ ಕಲಿಸಿದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಔಷಧಿಯ ಅಲರ್ಜಿ ಇದೆಯೇ ಎಂದು ಹತ್ತು ಸಲ ಕೇಳಿದರೂ ಬೇಸರಿಸಬೇಡಿ, ಹತ್ತು ಸಲವೂ ಹೇಳಿ.

ಪ್ರಶ್ನೆ: ವಾರ್ಡಿನಲ್ಲಿ ಮಗುವಿನ ಉಸಿರಾಟವನ್ನು ನಾವೇ ಗಮನಿಸಬಹುದೇ?
– ಓದುಗರು, ಸುರತ್ಕಲ್

ಉತ್ತರ: ಧಾರಾಳವಾಗಿ. ಮಗು ಅಳದೆ ಮಲಗಿರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ರೌಂಡ್ಸ್ ಬರುವವರೆಗೆ ಕಾಯಬೇಡಿ, ಆಗಲೇ ನರ್ಸ್ ಅವರನ್ನು ಕರೆಯಿರಿ.