ಮೊದಲು ಮಕ್ಕಳ ಪುಸ್ತಕ ಓದಿ

ನಮಸ್ಕಾರ. ಸ್ಟುಟ್‌ಗಾರ್ಟ್‌ಗೆ ಬಂದು ಮೂರು ತಿಂಗಳಾಯ್ತು, ಈ ಜರ್ಮನ್ ಜನ ಅರ್ಥವಾಗಲು ಯಾವ ಪುಸ್ತಕ ಓದಲಿ ಅಂತ ಕೇಳಿದ್ದೀರಿ. ಹಿಟ್ಲರ್ ಬಗ್ಗೆ ಒಂದು ದಪ್ಪ ಪುಸ್ತಕ ತರಿಸಿದ್ದೀರಂತೆ. ಸದ್ಯಕ್ಕೆ ಅದು ಕಪಾಟಿನಲ್ಲೇ ಇರಲಿ.

ನಾನಿಲ್ಲಿಗೆ ಬಂದು ಹದಿನಾಲ್ಕು ವರ್ಷ. ಮಗನ ಕಿಂಡರ್‌ಗಾರ್ಟನ್ ಟೀಚರ್ ಒಮ್ಮೆ ನಗುತ್ತಾ, 'ನಿಮ್ಮವನು ಒಳ್ಳೆ ತ್ಸಾಪೆಲ್‌ಫಿಲಿಪ್' ಅಂದರು. ಬೇರೆ ಮಗು ಅಂದುಕೊಂಡಿದ್ದಾರೆ ಅಂತ ನಾನು ಹೆಸರು ತಿದ್ದಿದೆ! ಅವರು ಒಳಗಿಂದ ಒಂದು ಚಿತ್ರದ ಪುಸ್ತಕ ತಂದು ತೋರಿಸಿದರು, 'ಷ್ಟ್ರುವೆಲ್‌ಪೇಟರ್'. ಊಟಕ್ಕೆ ಕೂತಾಗ ಕುರ್ಚಿ ಅಲ್ಲಾಡಿಸಿ, ಮೇಜಿನ ಬಟ್ಟೆ ಸಮೇತ ತಟ್ಟೆ ಲೋಟ ಎಲ್ಲಾ ಕೆಡವುವ ಹುಡುಗ ಈ ಫಿಲಿಪ್. ಈ ಪುಸ್ತಕ ಫ್ರಾಂಕ್‌ಫರ್ಟಿನ ಡಾಕ್ಟರ್ ಹೈನ್ರಿಷ್ ಹಾಫ್‌ಮನ್ 1844ರಲ್ಲಿ ಮಗನಿಗೆ ಕ್ರಿಸ್‌ಮಸ್ ಉಡುಗೊರೆಗೆಂದು ತಾವೇ ಬರೆದು ಚಿತ್ರ ಬಿಡಿಸಿದ್ದು. ಅದರಲ್ಲಿ ಸೂಪ್ ಒಲ್ಲೆ ಅಂದ ಕಾಸ್ಪರ್ ಐದನೇ ದಿನ ಸತ್ತೇ ಹೋಗುತ್ತಾನೆ. ಗುಮ್ಮನ ಹೆಸರು ಹೇಳಿ ತುತ್ತು ತಿನ್ನಿಸುವ ನಮಗೂ ಇದು ಸ್ವಲ್ಪ ಜಾಸ್ತಿಯೇ. ಆದರೆ ಊಟಕ್ಕೆ ಹಟ ಮಾಡುವ ಮಗುವನ್ನು ಇವತ್ತಿಗೂ 'ಸುಪ್ಪೆನ್‌ಕಾಸ್ಪರ್' ಅಂತಾರೆ. ಪಕ್ಕದ ಮನೆಯವರ ಮಾತು ಹುಟ್ಟಿದ್ದು ಇಂಥ ಕಡೆ.

ಆಮೇಲೆ ಎರಿಷ್ ಕೆಸ್ಟ್ನರ್ ಬರೆದ 'ಎಮಿಲ್ ಉಂಡ್ ಡೀ ಡಿಟೆಕ್ಟೀವೆ', 1929ರದು. ಜರ್ಮನ್ ಭಾಷೆಯ ಬಿ1 (ಮಧ್ಯಮ ಮಟ್ಟದ) ಕ್ಲಾಸ್ ಮುಗಿದ ಮೇಲೆ ಜರ್ಮನ್‌ನಲ್ಲೇ ಓದಿ. ಹುಡುಗ ಒಬ್ಬನೇ ರೈಲಿನಲ್ಲಿ ಬರ್ಲಿನ್‌ಗೆ ಹೊರಟಿದ್ದಾನೆ. ತಾಯಿ ಮನೆಯಲ್ಲೇ ಹೆಂಗಸರ ಕೂದಲು ತೊಳೆದು ಬಾಚಿ ಸಂಪಾದಿಸುವವಳು. ಅವಳು ಕೊಟ್ಟ 140 ಮಾರ್ಕ್ ಹಣ ಕಳೆದುಹೋದೀತೆಂದು ಟಾಯ್ಲೆಟ್‌ಗೆ ಹೋಗಿ ಕೋಟಿನ ಒಳಗೆ ಅದಕ್ಕೆ ಗುಂಡುಸೂಜಿ ಚುಚ್ಚಿಕೊಳ್ಳುತ್ತಾನೆ. ಬಸ್ಸಿನಲ್ಲಿ ಪರ್ಸ್ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ ನಮ್ಮಮ್ಮ ನೆನಪಾದರು.

ಇದೇ ಕೆಸ್ಟ್ನರ್ 1933ರ ಮೇ 10ರ ರಾತ್ರಿ, ಬರ್ಲಿನ್‌ನಲ್ಲಿ ಗುಂಪಿನ ನಡುವೆ ನಿಂತು, ತಾವು ಬರೆದ ಪುಸ್ತಕಗಳನ್ನೇ ನಾಜಿಗಳು ಸುಡುವುದನ್ನು ನೋಡಿದರು. ಆ ಜಾಗದ ಹೆಸರು ಈಗ ಬೆಬೆಲ್‌ಪ್ಲಾಟ್ಸ್. ಅಲ್ಲಿ ನೆಲದಲ್ಲೊಂದು ಗಾಜು ಇದೆ. ಬಗ್ಗಿದರೆ ಕೆಳಗೆ ಬಿಳಿ ಕಪಾಟುಗಳು ಕಾಣುತ್ತವೆ. 20,000 ಪುಸ್ತಕ ಹಿಡಿಸುತ್ತವೆ, ಒಂದೂ ಇಲ್ಲ. ಎಮಿಲ್‌ನನ್ನು ಓದದೆ ಹೋಗಿದ್ದಾಗ ನಾನು ಸುಮ್ನೆ ಒಂದು ಫೋಟೋ ಹೊಡೆದು ಬಂದಿದ್ದೆ.

ಇಂಗ್ಲಿಷ್‌ನಲ್ಲೇ ಬೇಕು ಅಂದರೆ ನೀಲ್ ಮೆಕ್‌ಗ್ರೆಗರ್ ಅವರ 'ಜರ್ಮನಿ: ಮೆಮರೀಸ್ ಆಫ್ ಎ ನೇಷನ್'. ಗುಟೆನ್‌ಬರ್ಗ್ ಬೈಬಲ್, ಬಿಯರು, ನಾಜಿಗಳ ಬೂಖನ್‌ವಾಲ್ಡ್ ಸೆರೆಶಿಬಿರದ ಗೇಟು, ಹೀಗೆ ಒಂದೊಂದು ವಸ್ತು ಹಿಡಿದು ಇತಿಹಾಸ ಹೇಳುತ್ತಾರೆ. ಪೂರ್ವ ಜರ್ಮನಿ ಬಗ್ಗೆ ತಿಳಿಯಲು ಆನಾ ಫಂಡರ್ ಅವರ 'ಸ್ಟಾಸಿಲ್ಯಾಂಡ್' ಸಾಕು; ಸ್ಟಾಸಿ ಅಂದರೆ ಅಲ್ಲಿನ ಗುಪ್ತ ಪೊಲೀಸ್.

ಯಾವುದನ್ನೂ ಕೊಳ್ಳಲು ಹೋಗಬೇಡಿ. ಮೈಲೆಂಡರ್ ಪ್ಲಾಟ್ಸ್‌ನಲ್ಲಿ ದೊಡ್ಡ ಸಕ್ಕರೆ ಗಟ್ಟಿ ಹಾಗಿರುವ ಸಿಟಿ ಲೈಬ್ರರಿ ಇದೆಯಲ್ಲ, ಅಲ್ಲಿ ಕಾರ್ಡ್ ಮಾಡಿಸಿ. ಪಾಸ್‌ಪೋರ್ಟ್ ಜೊತೆ ಅನ್‌ಮೆಲ್ಡುಂಗ್ (ಮನೆ ವಿಳಾಸ ನೋಂದಣಿ) ಕಾಗದವನ್ನೂ ಒಯ್ಯಿರಿ.