ಹೊಸ ವೆಲ್ಡ್ ಬೀಡ್ ಎಷ್ಟು ಡಿಗ್ರಿಯಲ್ಲಿ ಹುಟ್ಟಬೇಕು?

ನಿಮ್ಮ ಪ್ರಶ್ನೆಯಲ್ಲಿ ನನಗೆ ಅರ್ಥವಾದದ್ದು ಇಷ್ಟು. ದಾವಣಗೆರೆಯಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್, ಟ್ರ್ಯಾಕ್ಟರ್ ಟ್ರೇಲರ್ ಚಾಸಿಯ ಟಿ-ಜಾಯಿಂಟ್, ಎರಡು ಪಾಸ್ (ಒಂದರ ಮೇಲೊಂದು ಎರಡು ಬೀಡ್) ವೆಲ್ಡಿಂಗ್. ಆನ್ಸಿಸ್ ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿ ಬೀಡ್‌ನ (ಕರಗಿಸಿ ತುಂಬುವ ಲೋಹದ ಗೆರೆಯ) ಎಲಿಮೆಂಟ್‌ಗಳನ್ನೆಲ್ಲ, ಅಂದರೆ ಮಾಡೆಲ್‌ನ ಸಣ್ಣ ಸಣ್ಣ ತುಂಡುಗಳನ್ನೆಲ್ಲ, ಮೊದಲು ಕಿಲ್ ಮಾಡಿ (ಲೆಕ್ಕಕ್ಕೆ ಬರದಂತೆ ಮಾಡಿ), ಆಮೇಲೆ ಒಂದೊಂದೇ ಪಾಸ್ ಅಲೈವ್ ಮಾಡುತ್ತಿದ್ದೀರಿ (ಮತ್ತೆ ಲೆಕ್ಕಕ್ಕೆ ತರುತ್ತಿದ್ದೀರಿ). ಹುಟ್ಟಿದ ತಕ್ಷಣ ಬೀಡ್ ಹಿಗ್ಗಿ ಪ್ಲೇಟನ್ನು ಆಚೆ ತಳ್ಳುತ್ತದೆ, ತಣ್ಣಗಾದ ಮೇಲೆ ನೋಡಿದರೆ ಬೀಡ್‌ನಲ್ಲಿ ಸ್ಟ್ರೆಸ್ಸೇ (ಒಳಗಿನ ಎಳೆತವೇ) ಇಲ್ಲ. ಮೆಷ್ ತಪ್ಪಾ, ಸಾಲ್ವರ್ ತಪ್ಪಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. ರೆಫರೆನ್ಸ್ ಟೆಂಪರೇಚರ್ ನೋಡಿ, ಅಂದರೆ ಯಾವ ಬಿಸಿಯಲ್ಲಿ ಹಿಗ್ಗು ಸೊನ್ನೆ ಅಂತ ಸಾಫ್ಟ್‌ವೇರ್ ಹಿಡಿಯುತ್ತದೋ ಅದು.

ಕಿಲ್ ಮಾಡಿದ ಎಲಿಮೆಂಟ್ ಮಾಡೆಲ್‌ನಿಂದ ಎಲ್ಲೂ ಹೋಗುವುದಿಲ್ಲ. ನೀವು ಬೇರೆ ಅಂಕಿ ಕೊಡದಿದ್ದರೆ ಆನ್ಸಿಸ್ ಅದರ ಸ್ಟಿಫ್‌ನೆಸ್ಸನ್ನು (ಬಾಗದೆ ನಿಲ್ಲುವ ಗುಣವನ್ನು) 0.000001ರಿಂದ ಗುಣಿಸುತ್ತದೆ, ಮಾಸ್ ಮತ್ತು ಸ್ಪೆಸಿಫಿಕ್ ಹೀಟ್ ಸೊನ್ನೆ ಮಾಡುತ್ತದೆ, ಅಷ್ಟೇ. ಅಲೈವ್ ಮಾಡಿದಾಗ ಪೂರ್ತಿ ಸ್ಟಿಫ್‌ನೆಸ್ ವಾಪಸ್ ಬರುತ್ತದೆ, ಹಳೆಯ ಸ್ಟ್ರೇನ್ (ಹಿಗ್ಗು-ಕುಗ್ಗಿನ ಪ್ರಮಾಣ) ಯಾವುದೂ ಉಳಿದಿರುವುದಿಲ್ಲ. ಇಷ್ಟು ಓದಿದವರು ಹುಟ್ಟಿದ ಎಲಿಮೆಂಟ್‌ನಲ್ಲಿ ಸ್ಟ್ರೆಸ್ ಇರಲ್ಲ ಅಂದುಕೊಳ್ಳುತ್ತಾರೆ. ಥರ್ಮಲ್ ಸ್ಟ್ರೇನ್ ಇದ್ದಾಗ ಅದು ಸುಳ್ಳು. ಈಗಿನ ಟೆಂಪರೇಚರ್‌ಗೂ ರೆಫರೆನ್ಸ್ ಟೆಂಪರೇಚರ್‌ಗೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ಹಿಗ್ಗು, ಹುಟ್ಟಿದ ಕ್ಷಣದಲ್ಲೇ ಎಲಿಮೆಂಟ್ ಮೇಲೆ ಬೀಳುತ್ತದೆ.

ನೀವು ಇಡೀ ಮಾಡೆಲ್‌ಗೆ ಟಿರೆಫ್ (ಇಡೀ ಮಾಡೆಲ್‌ನ ರೆಫರೆನ್ಸ್ ಟೆಂಪರೇಚರ್) 30 ಕೊಟ್ಟಿದ್ದೀರಿ. ಪ್ಲೇಟ್‌ಗೆ ಅದು ಸರಿ, ನಮ್ಮೂರ ಶೆಡ್ಡಿನಲ್ಲಿ ಪ್ಲೇಟ್ ಇರುವುದೇ ಹೆಚ್ಚುಕಮ್ಮಿ ಅಷ್ಟು ಬಿಸಿಯಲ್ಲಿ. ಆದರೆ ಬೀಡ್ ಹುಟ್ಟುವುದು 1450ರಲ್ಲಿ. 1420 ಡಿಗ್ರಿ ವ್ಯತ್ಯಾಸಕ್ಕೆ, ಡಿಗ್ರಿಗೆ 0.000012 ಹಿಡಿದರೂ, 1.7% ಹಿಗ್ಗು ಬಂತು. 250 ಎಂಪಿಎ ಸ್ಟ್ರೆಸ್‌ವರೆಗೆ ತಡೆಯುವ ಮೈಲ್ಡ್ ಸ್ಟೀಲ್ ಯೀಲ್ಡ್ ಆಗಲು (ಶಾಶ್ವತವಾಗಿ ಆಕಾರ ಬದಲಿಸಲು) 0.125% ಸಾಕು, ಅಂದರೆ ಅದರ ಹದಿಮೂರು ಪಟ್ಟು! ಪ್ಲೇಟ್ ಆಚೆ ಹೋಗದೆ ಇನ್ನೇನಾಗುತ್ತದೆ? ಪ್ಲಾಸ್ಟಿಕ್ ಗುಣ (ಯೀಲ್ಡ್ ಆದ ಮೇಲಿನ ವರ್ತನೆ) ಕೊಡದ ನಿಮ್ಮ ಮಾಡೆಲ್‌ನಲ್ಲಿ 30ಕ್ಕೆ ಇಳಿದಾಗ ಅಷ್ಟೂ ಹಿಗ್ಗು ಮಾಯವಾಗುತ್ತದೆ, ಅದಕ್ಕೇ ಕೊನೆಯಲ್ಲಿ ಸ್ಟ್ರೆಸ್ ಇಲ್ಲ. ನಿಜವಾದ ಬೀಡ್ ಇದಕ್ಕೆ ತದ್ವಿರುದ್ಧ. ಕರಗಿದ ಸ್ಥಿತಿಯಲ್ಲಿ ಅದಕ್ಕೆ ಯಾವ ಎಳೆತವೂ ಇಲ್ಲ, ತಣ್ಣಗಾಗುತ್ತಾ ಕುಗ್ಗಿ ಪ್ಲೇಟನ್ನು ತನ್ನ ಕಡೆ ಎಳೆಯುತ್ತದೆ.

ಹಾಗಾಗಿ ಬೀಡ್‌ಗೆ ಬೇರೆ ಮೆಟೀರಿಯಲ್ ನಂಬರ್ ಕೊಡಿ, ಗುಣಗಳೆಲ್ಲ ಪ್ಲೇಟಿನದೇ ಇರಲಿ, ಆ ಮೆಟೀರಿಯಲ್‌ಗೆ ಮಾತ್ರ ರೆಫ್ಟ್ (ಒಂದು ಮೆಟೀರಿಯಲ್‌ನ ರೆಫರೆನ್ಸ್ ಟೆಂಪರೇಚರ್) 1450 ಹಾಕಿ. 1400 ಹಾಕಬೇಕಾ 1500 ಹಾಕಬೇಕಾ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾವಿರ ಡಿಗ್ರಿ ಮೇಲೆ ಸ್ಟೀಲ್‌ಗೆ ಬಲವೇ ಇರುವುದಿಲ್ಲ, ಗಟ್ಟಿಯಾಗಿ ಹಿಡಿದಿಟ್ಟ ಸ್ಟೀಲ್ ನೂರು ಡಿಗ್ರಿ ತಣ್ಣಗಾದರೂ ಯೀಲ್ಡ್ ಮುಟ್ಟುತ್ತದೆ, ಹಾಗಾಗಿ ಕೊನೆಯ ಸ್ಟ್ರೆಸ್ ಹೆಚ್ಚು ಬದಲಾಗುವುದಿಲ್ಲ.

ಎಕ್ಸ್‌ಪಾನ್ಷನ್ ಟೇಬಲ್ ಬಗ್ಗೆ ಮಾತ್ರ ಹುಷಾರು. ಪುಸ್ತಕದಲ್ಲಿ ಸಿಗುವ ಸರಾಸರಿ ಕೋಎಫಿಶಿಯೆಂಟ್ (ಡಿಗ್ರಿಗೆ ಎಷ್ಟು ಹಿಗ್ಗು ಎಂಬ ಅಂಕಿ) ಸಾಮಾನ್ಯವಾಗಿ 20 ಡಿಗ್ರಿಯಿಂದ ಲೆಕ್ಕ ಹಾಕಿದ್ದು. ಅದನ್ನು ಹಾಗೇ ಇಟ್ಟು ರೆಫ್ಟ್ ಬದಲಿಸಿದರೆ ಲೆಕ್ಕ ಕೆಡುತ್ತದೆ. ಎಂಪಿಎಮಾಡ್ ಕಮಾಂಡ್ ಇರುವುದು ಇದನ್ನು ಸರಿಪಡಿಸುವುದಕ್ಕೇ, ಬಳಸಿ.

ಇನ್ನೊಂದು, ರೆಫ್ಟ್ ಬದಲಿಸಿದ ಮೇಲೆ ಎದುರಾಗುವುದು. ಸತ್ತ ಎಲಿಮೆಂಟ್‌ನಲ್ಲಿ ಶಾಖವೂ ಹೆಚ್ಚುಕಮ್ಮಿ ಹರಿಯುವುದಿಲ್ಲ, ಒಳಗಿನ ನೋಡ್‌ಗಳ (ಎಲಿಮೆಂಟ್‌ಗಳು ಸೇರುವ ಬಿಂದುಗಳ) ಟೆಂಪರೇಚರ್‌ಗೆ ಅರ್ಥವೂ ಇರುವುದಿಲ್ಲ. 200 ಡಿಗ್ರಿಯಲ್ಲಿರುವ ನೋಡ್ ಮೇಲೆ ಬೀಡ್ ಹುಟ್ಟಿಸಿದರೆ ಅದು ಒಮ್ಮೆಗೇ 1250 ಡಿಗ್ರಿಯಷ್ಟು ಕುಗ್ಗುತ್ತದೆ! ಥರ್ಮಲ್ ರನ್‌ನಲ್ಲಿ (ಬಿಸಿಯನ್ನು ಮಾತ್ರ ಲೆಕ್ಕ ಹಾಕುವಾಗ) ಅಲೈವ್ ಮಾಡುವ ಸ್ಟೆಪ್‌ನಲ್ಲಿ ಆ ನೋಡ್‌ಗಳನ್ನು 1450ಕ್ಕೆ ಹಿಡಿದಿಡಿ, ಮುಂದಿನ ಸ್ಟೆಪ್‌ನಲ್ಲಿ ಬಿಟ್ಟುಬಿಡಿ. ಎರಡನೇ ಪಾಸ್ ಮೇಲೆ ಕೂತಾಗ ಮೊದಲ ಬೀಡ್‌ನ ಮುಚ್ಚಿಹೋದ ಮೈಮೇಲಿನ ಕನ್ವೆಕ್ಷನ್ (ಗಾಳಿಗೆ ಶಾಖ ಹೋಗುವುದು) ತೆಗೆಯುವುದನ್ನೂ ಮರೆಯಬೇಡಿ.

ಪ್ಲಾಸ್ಟಿಕ್ ಗುಣಗಳನ್ನು ಕೊಟ್ಟು ನೋಡಿ ಅಂತ ಯಾರೋ ಹೇಳಿದ್ದಾರೆ ಅಲ್ವಾ? ಕೊಡಲೇಬೇಕು, ಆದರೆ ಮೊದಲು ರೆಫ್ಟ್ ಸರಿಮಾಡಿ. ಯಾಕೆಂದರೆ ಪ್ಲಾಸ್ಟಿಸಿಟಿ ಈ ತಪ್ಪನ್ನು ಮುಚ್ಚಿಹಾಕುತ್ತದೆ. ಬಿಸಿಯಲ್ಲಿ ಯೀಲ್ಡ್ ತೀರಾ ಕಮ್ಮಿ, ಹಾಗಾಗಿ ಹುಟ್ಟಿದಾಗಿನ ಹಿಗ್ಗು ಪೂರ್ತಿ ಪ್ಲಾಸ್ಟಿಕ್ ಸ್ಟ್ರೇನ್ ಆಗಿ ನಜ್ಜಾಗಿ, ತಣ್ಣಗಾದ ಮೇಲೆ ಒಳಗೇ ಉಳಿಯುವ ಸ್ಟ್ರೆಸ್ (ರೆಸಿಡ್ಯುಯಲ್ ಸ್ಟ್ರೆಸ್) ನಂಬುವಂತೆಯೇ ಕಾಣಿಸುತ್ತದೆ. ಆದರೆ ಪ್ಲಾಸ್ಟಿಕ್ ಸ್ಟ್ರೇನ್ ಸುಮ್ನೆ ಜಾಸ್ತಿಯಾಗಿರುತ್ತದೆ, ಜಾಯಿಂಟ್ ಬಾಗುವ ಕೋನವೂ ತಪ್ಪು ಬರಬಹುದು. ಪ್ರಾಜೆಕ್ಟ್ ಗೈಡ್ ಚೆನ್ನಾಗಿದೆ ಅಂತ ಸಹಿ ಹಾಕಿದರೂ ಅದು ತಪ್ಪೇ.

ಚಿತ್ರ ತೆಗೆಯುವಾಗ ಜೀವಂತ ಎಲಿಮೆಂಟ್‌ಗಳನ್ನು ಮಾತ್ರ ಸೆಲೆಕ್ಟ್ ಮಾಡಿ, ಇಲ್ಲದಿದ್ದರೆ ಸತ್ತವುಗಳ ಸೊನ್ನೆಯೂ ಸರಾಸರಿಗೆ ಸೇರಿ ಬಣ್ಣ ಮಸುಕಾಗುತ್ತದೆ.

ಕೊನೆಗೆ ಕೋನವನ್ನೇ ಹೋಲಿಸಿ ನೋಡಿ. ದಾವಣಗೆರೆ, ಹರಿಹರದ ಕಡೆ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಕೇಳಿಕೊಂಡು ಅದೇ ದಪ್ಪದ ಎರಡು ತುಂಡಿಗೆ ಟ್ಯಾಕ್ (ಹಿಡಿದಿಡುವ ಸಣ್ಣ ಚುಕ್ಕಿ ವೆಲ್ಡ್) ಹಾಕಿಸಿ, ಮೂಲೆಮಟ್ಟ ಇಟ್ಟು ಸಂದಿಯನ್ನು ಫೀಲರ್ ಗೇಜ್‌ನಲ್ಲಿ (ಸಂದಿ ಅಳೆಯುವ ತೆಳು ತಗಡುಗಳ ಕಟ್ಟು) ಅಳೆಯಿರಿ. ಒಂದು ಕಡೆ ಬೀಡ್ ಎಳೆಸಿ, ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ಪ್ಲೇಟ್ ಬೀಡ್ ಇರುವ ಕಡೆಗೇ ವಾಲಿರುತ್ತದೆ. ನಿಮ್ಮ ಮಾಡೆಲ್ ಆಚೆ ಕಡೆ ವಾಲಿದರೆ ರೆಫ್ಟ್ ಇನ್ನೂ ಸರಿಯಾಗಿಲ್ಲ ಅಂತಲೇ ಅರ್ಥ. ಆಗ ಮೆಟೀರಿಯಲ್ ಲಿಸ್ಟ್ ಮತ್ತು ಅಲೈವ್ ಮಾಡುವ ಸ್ಟೆಪ್‌ನ ಕಮಾಂಡ್‌ಗಳನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.