ಕಂಠೀರವದಲ್ಲಿ ತರಬೇತಿ ಕೊಟ್ಟ ಡಿಫೆಂಡರ್

ಪ್ರಶ್ನೆ: ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲೇ ವೆಸ್ಟ್‌ವುಡ್ ದೊಡ್ಡ ಆಟಗಾರರಾಗಿದ್ದರೇ?

ಉತ್ತರ: ಇಲ್ಲ. ಅವರು ಡಿಫೆಂಡರ್, ಅಂದರೆ ಗೋಲು ತಡೆಯುವ ಹಿಂದಿನ ಸಾಲಿನ ಆಟಗಾರ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿದರೂ ಅದರ ಹಿರಿಯರ ತಂಡಕ್ಕೆ ಆಡಲಿಲ್ಲ. 1995ರಲ್ಲಿ ಇಂಗ್ಲೆಂಡಿನದೇ ಕ್ರೂ ಅಲೆಕ್ಸಾಂಡ್ರಾ ಕ್ಲಬ್ ಸೇರಿದರು. ಆಮೇಲೆ ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್ ಹೀಗೆ ಊರೂರು ಸುತ್ತಿದರು. ಬ್ರಾಡ್‌ಫರ್ಡ್ 1999ರಲ್ಲಿ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದಾಗ ಆ ತಂಡದಲ್ಲಿದ್ದರು. ಆಟ ಬಿಟ್ಟ ಮೇಲೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಬರ್ನ್‌ಗಳಲ್ಲಿ ಸಹಾಯಕ ಕೋಚ್.

2013ರಲ್ಲಿ ಬೆಂಗಳೂರಿಗೆ ಬಂದರು. ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಅವರನ್ನು ಹಿಂದಿನ ಸಾಲಿಗೆ ಇಟ್ಟುಕೊಂಡರು. ಡಿಫೆಂಡರ್ ಕೋಚ್ ಆದರೆ ಮನೆ ಕಟ್ಟುವುದು ತಳಪಾಯದಿಂದಲೇ! ಮೊದಲ ಋತುವಿನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು, 2015ರ ಜನವರಿಯಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್.

ನಡುವೆ ಒಂದು ಐ-ಲೀಗ್ ಪ್ರಶಸ್ತಿ ಕೈತಪ್ಪಿತು. 2015ರ ಮೇ 31ರಂದು ಕಂಠೀರವದಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಎದುರು ಗೆಲ್ಲಲೇಬೇಕಿತ್ತು. ಜಾನ್ಸನ್ ಮುನ್ನಡೆ ತಂದರು. ಆದರೆ 87ನೇ ನಿಮಿಷದ ಕಾರ್ನರ್‌ಗೆ ಬಾಗಾನ್‌ನ ಬೆಲ್ಲೊ ರಝಾಕ್ ತಲೆಕೊಟ್ಟು ಗೋಲು ಹೊಡೆದರು. 1-1, ಪ್ರಶಸ್ತಿ ಕೋಲ್ಕತ್ತಕ್ಕೆ. ಅಷ್ಟು ಹೊತ್ತು ಕಾಪಾಡಿದ ಗೋಡೆ ಒಂದೇ ಒಂದು ಚೆಂಡಿಗೆ ಬಿತ್ತು.

ಮುಂದೆ ವೆಸ್ಟ್‌ವುಡ್ ಕೋಚ್ ಆಗಿದ್ದ ಅಫ್ಗಾನಿಸ್ತಾನ 2024ರಲ್ಲಿ ಗುವಾಹಟಿಯಲ್ಲಿ ಭಾರತವನ್ನು 2-1ರಿಂದ ಸೋಲಿಸಿತು. 2025ರ ಜೂನ್‌ನಲ್ಲಿ ಅವರ ಹಾಂಗ್‌ಕಾಂಗ್ 1-0ಯಿಂದ.